ಟ್ರಂಕಿನಲ್ಲಿ ಸಿಕ್ಕ ಜೋಡಿ ಪದಗಳು

ಹೋದ ವಾರ ನಾನು ನನ್ನ ಹೆಂಡತಿ ರುದ್ರಮ್ಮನ ಹಿಂದೆ ಪತ್ತೇದಾರಿಕೆ ಮಾಡಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. ಹೊಳಲ್ಕೆರೆ ಸಣ್ಣ ಊರು; ನಾನು ಹೇಳದಿದ್ದರೆ ಬೇರೆ ಯಾರಾದರೂ ಹೇಳುತ್ತಾರೆ.

ರೇಷನ್ ಕಾರ್ಡು ಹುಡುಕಲು ಅವಳ ಟ್ರಂಕು ತೆಗೆದಿದ್ದೆ. ಸೀರೆಗಳ ಅಡಿಯಲ್ಲಿ ಮಡಿಸಿಟ್ಟ ಒಂದು ಕಾಗದ. ಮೇಲ್ಭಾಗ ಹರಿದುಹೋಗಿತ್ತು. ಉಳಿದದ್ದರಲ್ಲಿ ಒಂದರ ಕೆಳಗೊಂದು ಇಂಗ್ಲಿಷ್ ಪದ. ಸ್ವೀಟ್‌ಹಾರ್ಟ್. ಹ್ಯಾಂಡ್‌ಬ್ಯಾಗ್. ಆಫ್ಟರ್‌ನೂನ್. ಬಸ್‌ಸ್ಟ್ಯಾಂಡ್. ರನ್‌ಅವೇ. ಕೊನೆಯಲ್ಲಿ, ಗುಡ್‌ಬೈ.

ಅಕ್ಷರ ಅವಳದಲ್ಲ.

ನೀವಾಗಿದ್ದರೆ ಏನು ತಿಳಿಯುತ್ತಿದ್ದಿರಿ? ಪ್ರಿಯತಮ, ಕೈಚೀಲ, ಮಧ್ಯಾಹ್ನ, ಬಸ್‌ಸ್ಟ್ಯಾಂಡು, ಓಡಿಹೋಗುವುದು, ವಿದಾಯ. ಇದಕ್ಕಿಂತ ಸ್ಪಷ್ಟವಾದ ಪತ್ರವನ್ನು ನಾನು ಕಚೇರಿಯಲ್ಲಿಯೂ ಓದಿಲ್ಲ. (ಹದಿನಾಲ್ಕು ವರ್ಷದಿಂದ ಗುಮಾಸ್ತ; ಪತ್ರ ಓದುವುದೇ ನನ್ನ ಕೆಲಸ.)

ಕಾಗದವನ್ನು ಇದ್ದ ಹಾಗೆಯೇ ಮಡಿಸಿಟ್ಟೆ. ಊಟಕ್ಕೆ ಕೂತಾಗ ಮೆಲ್ಲಗೆ ಕೇಳಿದೆ.

“ಮಧ್ಯಾಹ್ನ ಮನೆಗೆ ಬೀಗ ಇತ್ತಂತೆ?”

“ಹಿಟ್ಟಿನ ಮಿಲ್ಲಿಗೆ ಹೋಗಿದ್ದೆ.”

“ಮೊನ್ನೆನೂ ಇತ್ತಂತೆ.”

“ಮೊನ್ನೆ ಕರೆಂಟ್ ಇರ್ಲಿಲ್ಲ, ವಾಪಸ್ ಬಂದೆ. ಮುದ್ದೆ ಇನ್ನೊಂದು ಹಾಕ್ಲಾ?”

ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಇವಳು ಯಾವಾಗ ಕಲಿತಳು?

ಮರುದಿನ ಪಕ್ಕದ ಮೇಜಿನ ತಿಪ್ಪೇಸ್ವಾಮಿಗೆ, ಯಾರದೋ ಮನೆಯ ಕತೆ ಎಂಬಂತೆ ಹೇಳಿದೆ. ಅವನು ಫೈಲಿನಿಂದ ತಲೆ ಎತ್ತದೆ, “ಕೇಳಾಕೆ ಹೋಗ್ಬ್ಯಾಡ, ಹುಷಾರಾಗ್ತಾರೆ. ಕಣ್ಣಾರೆ ನೋಡು. ಅರ್ಧ ದಿನ ರಜ ಹಾಕು” ಎಂದ. (ಅವನಿಗಿನ್ನೂ ಮದುವೆಯಾಗಿಲ್ಲ.)

ರಜ ಹಾಕಿದೆ. ಬಸ್‌ಸ್ಟ್ಯಾಂಡಿನ ಎದುರಿನ ಸೈಕಲ್ ಶಾಪಿನಲ್ಲಿ ಪೇಪರು ಹಿಡಿದು ಕೂತೆ. ಎರಡು ಗಂಟೆಗೆ ರುದ್ರಮ್ಮ ಬಂದಳು. ಕೈಯಲ್ಲಿ ಚೀಲ. ಚಿತ್ರದುರ್ಗದ ಬಸ್ಸು ಹೊರಡಲು ಸಿದ್ಧವಾಗಿತ್ತು. ಕೂಗಲೇ? ಓಡಿಹೋಗಿ ಅಡ್ಡ ನಿಲ್ಲಲೇ? ಬಸ್ಸಿನ ಕಡೆ ತಿರುಗಿಯೂ ನೋಡದೆ ಅವಳು ಹಿಂದಿನ ಓಣಿಗೆ ಇಳಿದಳು. ಒಂದು ಹೆಂಚಿನ ಮನೆಯ ಮುಂದೆ ಚಪ್ಪಲಿ ಬಿಟ್ಟು ಒಳಗೆ ಹೋದಳು.

ನಾನು ಕಿಟಕಿಯ ಪಕ್ಕ ಗೋಡೆಗೆ ಅಂಟಿ ನಿಂತೆ. ವಯಸ್ಸಾದ ಹೆಂಗಸಿನ ದನಿ ಕೇಳಿಸಿತು.

“ಬ್ಲ್ಯಾಕ್‌ಬೋರ್ಡಿಗೆ ಹಸಿರು ಬಣ್ಣ ಬಳಿದ್ರೂ ಅದು ಬ್ಲ್ಯಾಕ್‌ಬೋರ್ಡೇ. ಎರಡು ಪದ ಕೂಡಿದ್ಮ್ಯಾಲೆ ಅರ್ಥ ಬೇರೆ ಆಗ್ತೈತೆ. ಬಿಡಿಸಿ ಓದಿದ್ರೆ ತಪ್ತೀಯ. ಇವಕ್ಕೇ ಕಾಂಪೌಂಡ್ ವರ್ಡ್ಸ್ ಅನ್ನೋದು.”

“ಟೀಚರ್, ಮದರ್-ಇನ್-ಲಾ ಇಬ್ರಿದ್ರೆ ಎಸ್ ಎಲ್ಲಿಗೆ ಹಚ್ಚಬೇಕು?” ಇದು ನನ್ನ ಹೆಂಡತಿ.

“ಮದರ್‌ಗೆ ಹಚ್ಚಮ್ಮ. ಲಾಗೆ ಬ್ಯಾಡ.”

ಅಷ್ಟರಲ್ಲಿ ನನ್ನ ನೆರಳು ಒಳಗೆ ಬಿದ್ದಿತ್ತು. “ಯಾರದು? ಒಳಗೆ ಬರ್ರಿ, ಕುಂತ್ಕಳ್ರಿ” ಎಂದರು. ರಿಟೈರಾದ ಸರೋಜಮ್ಮ ಟೀಚರು. ಸಿಲೇಟಿನ ಮೇಲೆ ಅದೇ ಅಕ್ಷರ, ಟ್ರಂಕಿನ ಕಾಗದದ್ದು; ಅಂಥವೇ ಜೋಡಿ ಪದಗಳು. ಚಾಪೆಯ ಮೇಲೆ ನೋಟ್‌ಬುಕ್ಕು ಹಿಡಿದು ಕೂತಿದ್ದ ರುದ್ರಮ್ಮ ಹೆದರಲಿಲ್ಲ.

“ಕಚೇರಿ ಇಲ್ವಾ?”

“ಕರೆಂಟ್ ಇಲ್ಲ” ಎಂದೆ. ಬೇರೇನೂ ಹೊಳೆಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳೇ ಮಾತು ತೆಗೆದಳು. ಮದುವೆಯಿಂದಾಗಿ ತವರೂರು ಮತ್ತೋಡಿನಲ್ಲಿ ನಿಂತುಹೋಗಿದ್ದ ಓದು. ಈಗ ಪ್ರೈವೇಟಾಗಿ ಎಸ್ಸೆಲ್ಸಿ ಕಟ್ಟಬೇಕು. ಇಂಗ್ಲಿಷ್ ಒಂದೇ ಕಷ್ಟ.

“ನಂಗೆ ಯಾಕೆ ಹೇಳ್ಲಿಲ್ಲ?”

“ಮದುವೆಯಾದ ವರ್ಷ ನಿಮ್ ಸಿನೇಹಿತ್ರು ಬಂದಿದ್ರು. ಸಕ್ರೆ ಎಲ್ಲೈತೆ ಅಂದ್ರಿ. ಕಪ್-ಬೋರ್ಡಿನಾಗೈತೆ ಅಂದೆ. ಬರ್ದಂಗೇ ಓದಿದ್ದೆ. ಅದು ಕಬರ್ಡ್ ಅಂತೆ. ಎಲ್ರೂ ನಕ್ರು. ನೀವು ಎಲ್ರಿಗಿಂತ ಜೋರಾಗಿ ನಕ್ರಿ.”

ನನಗೆ ನೆನಪೇ ಇರಲಿಲ್ಲ. ನಕ್ಕವನಿಗೆ ಎಲ್ಲಿ ನೆನಪಿರುತ್ತದೆ?

“ಟ್ರಂಕಿನ ಚೀಟಿ ನೋಡಿದ್ರಿ, ಅಲ್ವಾ? ಮಡಿಕೆ ಉಲ್ಟಾ ಆಗಿತ್ತು. ಏನಂದ್ಕಂಡ್ರಿ?”

“ಏನೋ ಇಂಗ್ಲಿಷು ಅಂದ್ಕಂಡೆ.”

ಅವಳು ನಿಂತು ನನ್ನ ಮುಖವನ್ನೇ ನೋಡಿದಳು. ನಾನು ರಜ ಹಾಕಿದ್ದು, ಕಿಟಕಿಯ ಬಳಿ ನಿಂತಿದ್ದು, ಎಲ್ಲವನ್ನೂ ಅವಳು ಒಂದೊಂದಾಗಿ ಜೋಡಿಸುತ್ತಿರುವುದು ನನಗೆ ಗೊತ್ತಾಯಿತು. ಜೋಡಿಸಿ ಮುಗಿದ ಮೇಲೆ ಮುಂದೆ ನಡೆದಳು. ಬೈದಿದ್ದರೆ ವಾಸಿಯಿತ್ತು. ಮೂರು ದಿನ ಊಟ ಬಡಿಸಿದಳು, ಮಾತಾಡಲಿಲ್ಲ. ನಾಲ್ಕನೆಯ ದಿನ ಪರೀಕ್ಷೆಯ ಅರ್ಜಿಯನ್ನು ನನ್ನ ಮುಂದಿಟ್ಟು, “ತಪ್ಪೈತಾ ನೋಡ್ರಿ” ಎಂದಳು. ಒಂದೂ ತಪ್ಪಿರಲಿಲ್ಲ.

ಓದುಗ ಮಿತ್ರರೇ, ನಿಮ್ಮ ಮನೆಯಲ್ಲೂ ಯಾರೋ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿ ನಿಮಗಿರಬಹುದು. ಹುಡುಕಲು ಹೊರಡುವ ಮೊದಲು, ಅದನ್ನು ನಿಮ್ಮಿಂದ ಯಾಕೆ ಮುಚ್ಚಿಡಬೇಕಾಯಿತು ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೀರಾ?