ಪಕ್ಕದ ಸೀಟಿನ ಅಕ್ಕ

ಅಕ್ಕನ ಮುಖಕ್ಕಿಂತ ಅವರ ಎಡಗಿವಿಯೇ ನನಗೆ ಚೆನ್ನಾಗಿ ನೆನಪಿದೆ. ಬಿಳಿ ಹರಳಿನ ಓಲೆ, ಅದರಲ್ಲಿ ಒಂದು ಹರಳು ಉದುರಿಹೋಗಿತ್ತು. ಹೆಡ್‌ಸೆಟ್ಟನ್ನು ಬಲಗಿವಿಗೆ ಮಾತ್ರ ಹಾಕಿಕೊಂಡು, ನನ್ನ ಕಡೆಯ ಕಿವಿಯನ್ನು ಖಾಲಿ ಬಿಟ್ಟುಕೊಳ್ಳುತ್ತಿದ್ದರು.

ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಕಾಲ್ ಸೆಂಟರ್. ಟಿವಿ ಡಿಶ್ ಕಂಪನಿಯ ಗಿರಾಕಿಗಳ ದೂರು ಕೇಳುವ ಕೆಲಸ. ಊರವರೆಲ್ಲರ ಜೊತೆ ಮಾತಾಡಬೇಕು, ಪಕ್ಕದಲ್ಲಿ ಕೂತವರ ಜೊತೆ ಮಾತ್ರ ತುಟಿ ಬಿಚ್ಚುವಂತಿಲ್ಲ. ಮೊಬೈಲು ಬಾಗಿಲಲ್ಲೇ ಕೊಟ್ಟು ಒಳಗೆ ಹೋಗಬೇಕು. ಊಟಕ್ಕೂ ಒಬ್ಬೊಬ್ಬರನ್ನೇ ಬಿಡುತ್ತಿದ್ದರು. ಮ್ಯಾನೇಜರ್ ಎಂಬ ಪುಣ್ಯಾತ್ಮ ಸದಾ ಬೆನ್ನ ಹಿಂದೆ ಓಡಾಡುತ್ತಿದ್ದ. ಯಾರಾದರೂ ಗಿರಾಕಿಯ ಜೊತೆ ಎರಡು ಮಾತು ಹೆಚ್ಚಾಡಿದರೆ ಅವರನ್ನು ಎಬ್ಬಿಸಿ, ಉಳಿದ ದಿನವೆಲ್ಲ ನಿಂತುಕೊಂಡೇ ಕಾಲ್ ತೆಗೆದುಕೊಳ್ಳಲು ಹೇಳುತ್ತಿದ್ದ. ಅಷ್ಟು ಜನರ ನಡುವೆ ಕೂತು ಅಷ್ಟೊಂದು ಒಂಟಿಯಾಗಿ ನಾನು ಬೇರೆಲ್ಲೂ ಇದ್ದದ್ದಿಲ್ಲ.

ಅದಕ್ಕೊಂದು ದಾರಿ ಕಂಡುಕೊಂಡವರು ಅಕ್ಕ. ಮ್ಯೂಟ್ ಒತ್ತಿ, ಪರದೆಯಿಂದ ಕಣ್ಣು ಕದಲಿಸದೆ, ಗಿರಾಕಿಗಳ ಜೊತೆ ಮಾತಾಡುವ ಅದೇ ನಯದ ದನಿಯಲ್ಲಿ ನನ್ನನ್ನು ಕೇಳುತ್ತಿದ್ದರು: "ಮೇಡಂ, ತಮ್ಮ ತಿಂಡಿ ಆಯ್ತಾ?" ನಾನೂ ಪರದೆ ನೋಡುತ್ತಲೇ ಆಯ್ತು ಮೇಡಂ ಎನ್ನುತ್ತಿದ್ದೆ. ಮ್ಯಾನೇಜರ್‌ಗೆ ಇಬ್ಬರೂ ಕೆಲಸ ಮಾಡುತ್ತಿರುವಂತೆ ಕಾಣುತ್ತಿತ್ತು. ಅವರು ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ, ಗಂಡ ಬಿಟ್ಟುಹೋಗಿದ್ದಾನೆ, ಮಗಳ ನರ್ಸಿಂಗ್ ಓದು ಈ ಸಂಬಳದ ಮೇಲೇ ನಿಂತಿದೆ ಎಂಬುದೆಲ್ಲ ಹೀಗೇ ಚೂರುಚೂರಾಗಿ ತಿಳಿದದ್ದು. "ಮಗಳು ಓದು ಮುಗ್ಸೋ ತನಕ ಈ ಮ್ಯಾನೇಜರ್ ಎಂತ ಅಂದ್ರೂ ನಾನು ತಲೆಗೆ ಹಚ್ಕಳಲ್ಲ" ಎಂದಿದ್ದರು.

ಒಂದು ದಿನ ಹೊನ್ನೆಮರಡು ಕಡೆಯ ಅಜ್ಜಿಯೊಬ್ಬರು ಟಿವಿ ವಿಷಯ ಬಿಟ್ಟು ತಮ್ಮ ಸೊಂಟನೋವಿನ ಕಥೆ ತೆಗೆದರು. ಫೋನಿಡಲು ನನಗೆ ಮನಸ್ಸಾಗಲಿಲ್ಲ. ಮ್ಯಾನೇಜರ್ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ನನ್ನಂಥವರು ಬಸ್‌ಸ್ಟ್ಯಾಂಡಿನಲ್ಲಿ ಬೇಕಾದಷ್ಟು ಸಿಗುತ್ತಾರೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತು, ಅಳು ತಡೆಯಲಾಗಲಿಲ್ಲ. ಅಕ್ಕ ಆಗ ತೀರ್ಥಹಳ್ಳಿಯ ಗಿರಾಕಿಯೊಬ್ಬರ ಜೊತೆ ಮಾತಿನಲ್ಲಿದ್ದರು. ಗಡಿಬಿಡಿಯಲ್ಲಿ ಮ್ಯೂಟ್ ಒತ್ತುವುದನ್ನೂ ಮರೆತು, ಆ ನಯದ ದನಿಯನ್ನೂ ಮರೆತು, ಪೂರ್ತಿ ನನ್ನ ಕಡೆ ತಿರುಗಿ ಹೇಳಿಬಿಟ್ಟರು: "ಅಳ್ಬೇಡ ಮಾರಾಯ್ತಿ. ನಾನಿದೀನಲ್ಲ."

ಮರುದಿನ ನಮಗೆಲ್ಲ ಬುದ್ಧಿ ಕಲಿಸಲೆಂದು ಮ್ಯಾನೇಜರ್ ಆ ಕಾಲ್‌ನ ರೆಕಾರ್ಡಿಂಗನ್ನು ಸ್ಪೀಕರಿಗೆ ಹಾಕಿದ. ಅಕ್ಕನ ಮಾತು ಕೇಳಿಸಿತು. ಅದರ ಹಿಂದೆಯೇ ಗಿರಾಕಿಯ ದನಿ: "ಅಲ್ಲಿ ಯಾರೋ ಅಳ್ತಿದಾರಲ್ಲ ತಂಗಿ. ಮೊದ್ಲು ಅವ್ರನ್ನ ನೋಡು. ನನ್ನ ಟಿವಿ ಎಲ್ಲಿಗೂ ಓಡಿಹೋಗಲ್ಲ."

ಮೊದಲೇ ಅಲ್ಲಿಯವರೆಗೆ ಕೇಳಿ ನೋಡುವಷ್ಟು ತಾಳ್ಮೆ ಆ ಪುಣ್ಯಾತ್ಮನಿಗೆ ಎಲ್ಲಿಂದ ಬರಬೇಕು? ತಡಬಡಿಸಿ ಆರಿಸಿದ. ಆ ಸಿಟ್ಟಿಗೇ ಇರಬೇಕು, ಅಕ್ಕನನ್ನು ನಿಂತ ನಿಲುವಿನಲ್ಲಿ ಕೆಲಸದಿಂದ ತೆಗೆದ. ಅವರು ನನ್ನ ಹೆಗಲು ಮುಟ್ಟಿ ಹೊರಟುಹೋದರು.

ಸಂಜೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಹೊಸನಗರದ ಬಸ್ಸಿನಲ್ಲಿ ಅವರಿರಲಿಲ್ಲ. ದಿನವಿಡೀ ಪರದೆಯ ಮೇಲೆ ಕಂಡವರ ನಂಬರು ನೋಡುತ್ತಿದ್ದ ನಮ್ಮಿಬ್ಬರಲ್ಲಿ ಒಬ್ಬರ ನಂಬರು ಇನ್ನೊಬ್ಬರ ಹತ್ತಿರ ಇರಲಿಲ್ಲ. ಪಕ್ಕದ ಖಾಲಿ ಕುರ್ಚಿ ನೋಡಿಕೊಂಡು ಕೂರಲಾಗದೆ ಆಮೇಲೆ ನಾನೂ ಬಿಟ್ಟೆ. ಮಗಳ ಓದು ಮುಗಿಯಿತೋ, ನಡುವೆಯೇ ನಿಂತಿತೋ, ನನಗೆ ಗೊತ್ತಿಲ್ಲ. ನನಗಾಗಿ ಆಡಿದ ಒಂದು ಮಾತಿಗೆ ಅವರು ಕೊಟ್ಟ ಬೆಲೆ ಆ ಕೆಲಸ. ಆಸ್ಪತ್ರೆಗೆ ಹೋದಾಗಲೆಲ್ಲ ನರ್ಸುಗಳ ಕಿವಿಯೋಲೆ ನೋಡುತ್ತೇನೆ.

ಈಗ ಗ್ಯಾಸಿಗೋ ಬ್ಯಾಂಕಿಗೋ ಫೋನ್ ಮಾಡಿದರೆ, ಕೆಲಸ ಮುಗಿದ ಮೇಲೆ, ಅತ್ತ ಕಡೆಯ ಹುಡುಗಿಯನ್ನು ತಿಂಡಿ ಆಯ್ತಾ ಎಂದು ಕೇಳುತ್ತೇನೆ. ಹೆಚ್ಚಿನವರು ಧನ್ಯವಾದ ಹೇಳಿ ಇಟ್ಟುಬಿಡುತ್ತಾರೆ. ಮೊನ್ನೆ ಒಬ್ಬಳು ದನಿ ತಗ್ಗಿಸಿ ಹೇಳಿದಳು:

"ಇಲ್ಲ ಅಕ್ಕ."