ಕೊನೆಯ ಮೂರು ಸ್ಟೇಷನ್

ಗಾರೆ ಕೆಲಸದ ಗೌಂಡಿಯ ಮಗಳು ಡಿಗ್ರಿ ಮುಗಿಸುವುದು ಆಗದ ಮಾತು ಅಂದವನು ನನ್ನ ಕಾಕಾ, ಅಪ್ಪನ ತಮ್ಮ. ಅಪ್ಪ ಸತ್ತ ಮೇಲೆ ವಿಕ್ರೋಳಿಯ ಚಾಳಿನಲ್ಲಿ ನನ್ನನ್ನೂ ಅವ್ವನನ್ನೂ ಸಾಕಿದವನೂ ಅವನೇ. "ನಿನ್ನ ತಲ್ಯಾಗ ಉಸುಕ ಐತಿ. ನನ್ನ ನೋಡು, ಅಕ್ಷರ ಕಲ್ತಿಲ್ಲ, ನಲವತ್ತ ಆಳಿನ ಹಾಜರಿ ಬಾಯಾಗ ಐತಿ," ಅನ್ನುತ್ತಿದ್ದ. ಕಟ್ಟಡ ಕೆಲಸದ ಮುಕಾದಮನಾಗಿದ್ದ ಅವನಿಗೆ ನೆನಪಿನದೇ ಸೊಕ್ಕು.

ಎಂಬತ್ತರ ದಶಕದ ಕೊನೆ. ಬಿ.ಎ. ಕೊನೆಯ ವರ್ಷ, ಸೈಕಾಲಜಿ. ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರಯೋಗಕ್ಕೆ ಕೂರುವ ಮನುಷ್ಯನನ್ನು ನಾವೇ ಕರೆತರಬೇಕು. ಅದರಲ್ಲಿ ಫೇಲಾದರೆ ಡಿಗ್ರಿ ಇಲ್ಲ, ಇನ್ನೊಂದು ವರ್ಷ ಓದಿಸಲು ಕಾಕಾ ಒಪ್ಪುವವನೂ ಅಲ್ಲ.

ಪ್ರಯೋಗ ಸುಲಭದ್ದು. ನಾನು ಒಂದೊಂದೇ ಹೆಸರು ಓದುತ್ತೇನೆ, ಎಲ್ಲೋ ಥಟ್ಟನೆ ನಿಲ್ಲಿಸುತ್ತೇನೆ. ಕೊನೆಯ ಮೂರನ್ನು ಮಾತ್ರ ಹೇಳಬೇಕು. ಹೊಸದು ಬಂದಂತೆಲ್ಲ ಹಳೆಯದು ತಲೆಯಿಂದ ಇಳಿಯಬೇಕು. ಮಿದುಳಿನ ಮುಂಭಾಗ ಹಿಡಿದುಕೊಳ್ಳುತ್ತದೆ, ಆಳದ ಇನ್ನೊಂದು ಭಾಗ ಬಾಗಿಲು ತೆರೆದು ಹೊಸದನ್ನು ಒಳಗೆ ಬಿಡುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಓದಿದೆ. ಆಗ ನಾನು ತೋರಿಸಬೇಕಿದ್ದದ್ದು ಇಷ್ಟೇ: ಹಳೆಯ ಕಲಿಕೆ ಈ ಕೆಲಸಕ್ಕೆ ಹೇಗೆ ಅಡ್ಡ ಬರುತ್ತದೆ. ಅಂದರೆ ಎದುರಿಗೆ ಕೂತವನು ತಪ್ಪಿದಷ್ಟೂ ನನಗೆ ಒಳ್ಳೆಯದು.

ಕೂರಲು ಕಾಕಾನನ್ನೇ ಕರೆದೆ. ಅಂಕಿ ಓದಿದ್ದರೆ ಅವನು ತಪ್ಪುತ್ತಿರಲಿಲ್ಲ. ಅವನು ದಿನಾ ಓಡಾಡುವ ಲೋಕಲ್ ಲೈನಿನ ಸ್ಟೇಷನ್‌ಗಳ ಹೆಸರು ಆರಿಸಿ, ಅವುಗಳ ಸಾಲು ಕಲಸಿದೆ.

ಆ ದಿನದ ಕೆಲಸ ಬಿಟ್ಟು, ಒಗೆದ ಧೋತರ ಉಟ್ಟು ಕಾಲೇಜಿಗೆ ಬಂದ. ಕ್ಲಾಸಿನ ಹುಡುಗಿಯರೆಲ್ಲ ಸುತ್ತ ನಿಂತಿದ್ದರು.

"ಮುಲುಂಡ್, ಕುರ್ಲಾ, ವಿಕ್ರೋಳಿ, ದಾದರ್, ಘಾಟ್ಕೋಪರ್."

"ದಾದರ, ಕುರ್ಲಾ, ಘಾಟ್ಕೋಪರ, ವಿಕ್ರೋಳಿ," ಅಂದ.

"ಕಾಕಾ, ಕಡೀ ಮೂರ ಅಷ್ಟ."

"ಕುರ್ಲಾ ಬಿಟ್ಟ ಗಾಡಿ ಹಾರಿ ಹೋಕ್ಕೈತೇನವಾ?"

ಹಿಂದಿನಿಂದ ಒಬ್ಬಳು, "ಅರೆ, ಯೇ ತೋ ಸ್ಟೇಷನ್ ಕಾ ಇಂಡಿಕೇಟರ್ ಹೈ!" ಅಂದಳು, ಗಾಡಿ ನಿಲ್ಲುವ ಸ್ಟೇಷನ್‌ಗಳನ್ನು ಸಾಲಾಗಿ ತೋರಿಸುವ ಬೋರ್ಡೇ ಇವನು ಎಂಬಂತೆ. ಎಲ್ಲರೂ ನಕ್ಕರು. ಪರೀಕ್ಷಕಿಯೂ ನಕ್ಕರು. ನಾನೂ ನಕ್ಕೆ.

ಹತ್ತು ಪಟ್ಟಿ ಇದ್ದವು. ಆರನೆಯದಕ್ಕೆ ಬೆವರಿದ. "ನಿಂದರವಾ, ನೀರ ಕುಡೀತೀನಿ."

"ನಡಬರಕ ಏಳಂಗಿಲ್ಲ ಕಾಕಾ, ರೂಲ್ ಐತಿ."

ಅಂಥ ರೂಲ್ ಇರಲಿಲ್ಲ. ಹತ್ತನ್ನೂ ಓದಿದೆ. ಒಂದೂ ಸರಿ ಬರಲಿಲ್ಲ. ಪರೀಕ್ಷಕಿ ನನ್ನ ಹಾಳೆ ನೋಡಿ, "ವೆರಿ ಗುಡ್" ಅಂದರು.

ಮರಳುವಾಗ ಲೋಕಲ್‌ನಲ್ಲಿ ಕಾಕಾ, "ಪಾಸ್ ಆದ್ನೇನ ನಾ?" ಎಂದು ಕೇಳಿದ.

"ನೀ ಫೇಲ್. ಅದಕ್ಕ ನಾ ಪಾಸ್," ಅಂದೆ. ಲೆಕ್ಕವನ್ನು ಬಿಡಿಸಿಯೂ ಹೇಳಿದೆ. ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಯಾರೂ ಕೊಟ್ಟದ್ದಲ್ಲ, ಕಿತ್ತುಕೊಂಡದ್ದು. ಸರ್ಟಿಫಿಕೇಟು ಬಂದ ದಿನ ಅವ್ವನಿಗೂ ತೋರಿಸದೆ ಮೊದಲು ಅವನ ಕೈಗೇ ಇಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಹಿಡಿದ. ಸೀಲಿನ ಮೇಲೆ ಹೆಬ್ಬೆರಳಾಡಿಸಿದ.

"ಚಲೋ ಐತಿ," ಅಂದ. "ಮಂದಿ ಮುಂದ ನನ್ನ ನಗಿಪಾಟಲ ಮಾಡಿದ್ದಕ್ಕ ಇದರಾಗ ಎಷ್ಟ ಮಾರ್ಕ ಬಿದ್ದಾವ, ಹೇಳವಾ."