ಸೂರಿಲ್ಲದ ಬಚ್ಚಲು

ನಾನು ಒಂಬತ್ತನೇ ತರಗತಿಯಲ್ಲಿದ್ದಾಗಿನ ಡೈರಿಯಲ್ಲಿ ಒಂದು ಗುರುವಾರ ಹೀಗೆ ಬರೆದುಕೊಂಡಿದ್ದೇನೆ: ‘ಗೋಡೆ ಮುಗಿಯಿತು. ತಗಡಿನ ಬಾಗಿಲು ಕೂತಿತು. ಅನುದಾನವೂ ಮುಗಿಯಿತು.’

ಸಿದ್ದಾಪುರದ ಹತ್ತಿರ, ಗುಡ್ಡದ ಬುಡದಲ್ಲಿ, ಪ್ರತಿ ವರ್ಷ ನಮ್ಮ ಸ್ಕೌಟ್, ಗೈಡ್ ಮಕ್ಕಳ ಶಿಬಿರ. ಹುಡುಗರು ಡೇರೆಯಲ್ಲಿ ಮಲಗುತ್ತಿದ್ದರು. ಹುಡುಗಿಯರು ನಾವು ಸಂಜೆಯ ಬಸ್ಸಿಗೆ ನಮ್ಮೂರು ಮೊಳಕಾಲ್ಮೂರಿಗೆ ವಾಪಸ್. ಬಚ್ಚಲಿಲ್ಲದ ಜಾಗದಲ್ಲಿ ಹೆಣ್ಣುಮಕ್ಕಳನ್ನು ಬಿಡಲು ಯಾವ ಮನೆಯವರೂ ಒಪ್ಪುತ್ತಿರಲಿಲ್ಲ. ಶಿಬಿರದ ಬೆಂಕಿಯ ಸುತ್ತ ನಡೆದ ಹಾಡು, ನಾಟಕವನ್ನೆಲ್ಲ ಮರುದಿನ ಹುಡುಗರು ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು.

ಶಿಬಿರದ ಜಾಗ ಸುಧಾರಿಸಲು ಆ ವರ್ಷ ಅನುದಾನ ಸಿಗುತ್ತದೆಂದಾಗ ಹುಡುಗರು ಹೆಬ್ಬಾಗಿಲಿಗೆ ಕಮಾನು ಬೇಕೆಂದರು.

‘ಕಮಾನಿನ ಕೆಳಗೆ ನಿಂತು ಸ್ನಾನ ಮಾಡ್ತೀರೇನ್ರೋ?’ ಎಂದರು ನಮ್ಮ ಗೈಡ್ ಟೀಚರ್. ಅರ್ಜಿಯಲ್ಲಿ ಬಚ್ಚಲೇ ಬಿತ್ತು.

ಸಿಮೆಂಟು, ಮೇಸ್ತ್ರಿಯ ಕೂಲಿ ಅನುದಾನದ್ದು. ಕಲ್ಲು ಹೊರುವ ಕೆಲಸ ನಮ್ಮದು. ಯಾರು ಎಷ್ಟು ಹೊತ್ತರೆಂದು ನಾನು ಗೀಟು ಹಾಕುತ್ತಿದ್ದೆ. ನನ್ನ ಗೆಳತಿಯ ಗೀಟುಗಳೇ ಹೆಚ್ಚು. ಅವಳದು ರೇಷ್ಮೆ ಸೀರೆ ನೇಯುವ ಮನೆ. ಒಂದು ರಾತ್ರಿಯಾದರೂ ಶಿಬಿರದಲ್ಲಿ ಉಳಿಯಬೇಕೆಂದು ಅವಳಿಗೆ ಬಹಳ ಆಸೆ. ‘ಬಚ್ಚಲು ನೋಡಿ ಹೇಳ್ತೀನಿ’ ಎಂದಿದ್ದರು ಅವಳ ಅವ್ವ.

ಶನಿವಾರ ಬೆಳಗಿನ ಬಸ್ಸಿಗೆ ಆಕೆ ಮಗಳ ಬ್ಯಾಗು ಹಿಡಿದು ಬಂದರು. ಗೋಡೆ ತಟ್ಟಿದರು, ಚಿಲಕ ಎಳೆದರು, ಆಮೇಲೆ ಮೇಲೆ ನೋಡಿದರು. ಸೂರಿರಲಿಲ್ಲ. ನಮ್ಮ ಕಡೆ ಹಿತ್ತಲ ಬಚ್ಚಲಿಗೆ ಯಾರೂ ಸೂರು ಹಾಕುವುದಿಲ್ಲ. ಹಾಗಾಗಿ ಅರ್ಜಿ ಬರೆಯುವಾಗ ಅದು ಯಾರಿಗೂ ಹೊಳೆದಿರಲಿಲ್ಲ. ಆದರೆ ಇಲ್ಲಿ ಬಚ್ಚಲ ಬೆನ್ನಿಗೇ ದೊಡ್ಡ ಬಂಡೆ, ಕುರಿ ಕಾಯುವವರು ಕೂರುವ ಜಾಗ. ಆಕೆ ಸೆರಗು ಸಿಕ್ಕಿಸಿ ಬಂಡೆ ಹತ್ತಿಯೇಬಿಟ್ಟರು.

‘ಗೋಡೆ ಗಟ್ಟಿ ಐತೆ ಮೇಡಮ್ಮೋರೆ,’ ಮೇಲಿಂದ ಹೇಳಿದರು. ‘ಒಳಗಿನ ಬಕೆಟ್ಟೂ ಚೆನ್ನಾಗೈತೆ. ನೀಲಿ ಬಣ್ಣ.’

ಟೀಚರ್‌ಗೂ ನಗು ಬಂತು. ಗೆಳತಿ ಮಾತ್ರ ನಗಲಿಲ್ಲ. ಸಂಜೆಯ ಬಸ್ಸು ಬರುವಷ್ಟರಲ್ಲಿ ಸೂರಾಗದಿದ್ದರೆ ಮಗಳನ್ನು ಕರೆದುಕೊಂಡು ಹೋಗುವುದಾಗಿ ಹೇಳಿ ಆಕೆ ಬೇವಿನ ನೆರಳಿಗೆ ಕೂತರು.

ಸ್ಕೌಟ್ ಮಾಸ್ತರು ಬೈಕಿನಲ್ಲಿ ಹೋಗಿ ನಮ್ಮ ಅಪ್ಪನ ಶೇಂಗಾ ಅಂಗಡಿಯಿಂದ ಖಾಲಿ ಗೋಣಿಚೀಲ ತಂದರು. ಗೆಳತಿ ದಬ್ಬಳ ಹಿಡಿದು ಹೊಲಿಯಲು ಕೂತಳು. ಚೀಲ ಬಿಚ್ಚಿ ಕೊಡುವುದು ನನ್ನ ಕೆಲಸ. ಹುಡುಗರು ಗೋಡೆಯಿಂದ ಗೋಡೆಗೆ ಗಳ ಇಟ್ಟು ಬಿಗಿಯತೊಡಗಿದರು.

‘ಕಮಾನಾಗಿದ್ರೆ ಯಾರೂ ಬಂಡೆ ಹತ್ತಿ ನೋಡ್ತಿರಲಿಲ್ಲ ಲೇ,’ ಎಂದ ಒಬ್ಬ.

‘ನೀ ಮೊದ್ಲು ಹಗ್ಗ ಹಿಡಿಯೋ. ಮೂರು ವರ್ಷದಿಂದ ಗಂಟು ಕಲೀತಿದೀಯ, ಇವತ್ತಾದ್ರೂ ಒಂದು ನಿಲ್ಲಲಿ,’ ಎಂದ ಇನ್ನೊಬ್ಬ.

ಗಳದ ಮೇಲೆ ಹಾಸಿದ ಗೋಣಿ ಗಾಳಿಗೆ ಎರಡು ಸಲ ಎದ್ದಿತು. ಅಂಚಿಗೆಲ್ಲ ಕಲ್ಲು ಹೇರಿದ ಮೇಲೆ ಕೂತಿತು. ಗೆಳತಿಯ ಅವ್ವ ಮತ್ತೆ ಬಂಡೆ ಹತ್ತಿದರು. ಟೀಚರ್ ಒಳಗೆ ಹೋಗಿ ಚಿಲಕ ಹಾಕಿಕೊಂಡು, ‘ಕಾಣ್ತೀನೇನ್ರೀ?’ ಎಂದು ಕೂಗಿದರು.

‘ದನಿ ಕೇಳ್ತೈತೆ. ಮನುಷ್ಯರು ಕಾಣಲ್ಲ.’

ಆಕೆ ಬಂಡೆಯ ಆ ತುದಿಗೂ ಹೋಗಿ ನೋಡಿ ಇಳಿದರು. ಬ್ಯಾಗನ್ನು ಮಗಳ ಕೈಗೆ ಕೊಟ್ಟು ತಮ್ಮ ಮನೆಮಾತು ತೆಲುಗಿನಲ್ಲಿ ಏನೋ ಹೇಳಿದರು. ಗೆಳತಿ ತಲೆಯಾಡಿಸಿದಳು.

ಅಷ್ಟರಲ್ಲಿ ಬಸ್ಸು ಬಂತು. ಆಕೆ ಕಿಟಕಿಯಿಂದ ಕೈ ಬೀಸಿದರು. ಬೀಸಿದ್ದು ಗೆಳತಿಗೆ ಕಾಣಲಿಲ್ಲ. ಅವಳಾಗಲೇ ಬಕೆಟ್ಟಿಗೆ ನೀರು ಹೊಯ್ದುಕೊಂಡು ಒಳಗೆ ಹೋಗಿ, ‘ಯಾರೂ ಬಾಗಿಲು ಬಡೀಬೇಡ್ರಿ, ಮೊದಲ ಸ್ನಾನ ನಂದೇ’ ಎನ್ನುತ್ತಿದ್ದಳು.